ಟೇಪತ್ತೆ ಅಳೆಯಲು ಮರೆತ ತಿರುವು

ಅವಳಿಗೆ ಸ್ವಂತ ಅಣ್ಣತಮ್ಮಂದಿರ ಮಕ್ಕಳು ಅಂತ ಇದ್ದದ್ದು ನಾಲ್ಕೇ ಜನ. ಆದರೆ ಅತ್ತೆ ಎಂದು ಕರೆಯುವವರು ಊರ ತುಂಬ ಇದ್ದರು. ಕೊರಳಲ್ಲಿ ಸದಾ ಹಳದಿ ಬಟ್ಟೆಯ ಅಳತೆ ಟೇಪು ನೇತಾಡುತ್ತಿದ್ದುದರಿಂದ ಮೊದಲು 'ಟೇಪಿನ ಅತ್ತೆ' ಆಗಿ, ಮಕ್ಕಳ ಬಾಯಲ್ಲಿ ಸವೆದು ಸವೆದು 'ಟೇಪತ್ತೆ' ಆಗಿ ನಿಂತಳು. ಟೇಪಿಲ್ಲದೆ ಹೊರಗೆ ಹೊರಟರೆ ಅವಳಿಗೇ ಏನೋ ಮರೆತ ಹಾಗೆ, ಕೈ ತಾನಾಗಿ ಕೊರಳಿಗೆ ಹೋಗುತ್ತಿತ್ತು.

ಮೂವತ್ತೊಂದು ವರ್ಷ ಅವಳು ದರ್ಜಿ. ಒಂದು ಬಾಗಿಲಗಲದ ಅಂಗಡಿ; ಈ ಕಡೆ ಬೀಗ ರಿಪೇರಿಯವನು, ಆ ಕಡೆ ಕನ್ನಡಕದವನು. ಗಂಡ ತೀರಿಹೋದ ಮೇಲೆ ಅದೇ ಅಂಗಡಿಯಿಂದ ಮಗಳನ್ನು ಓದಿಸಿದಳು, ಮದುವೆ ಮಾಡಿದಳು. ಆಮೇಲೆ ಹೊಲಿದಿಟ್ಟ ಬಟ್ಟೆ ಕೊಳ್ಳುವ ಕಾಲ ಬಂತು. ಅಂಗಡಿಗೆ ಬರುವವರೆಲ್ಲ ಕೊಂಡು ತಂದ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಬರುವವರೇ. "ಹೊಲಿಯೋದು ಹೋಯ್ತು, ಕತ್ತರಿಸೋದೊಂದು ಉಳೀತು. ಕತ್ತರಿಸೋಕೆ ಇಲಿ ಸಾಕಲ್ಲ, ನಾನ್ಯಾಕೆ ಬೇಕು?" ಎಂದು ಹೇಳಿ ಐವತ್ತೆಂಟನೇ ವಯಸ್ಸಿನಲ್ಲಿ ಬಾಗಿಲು ಎಳೆದಳು.

ಹೊಲಿಗೆ ಯಂತ್ರ ಮಗಳ ಮನೆ ಸೇರಿತು. ಉಳಿದದ್ದು ಬಟ್ಟೆ ಕತ್ತರಿಸುವ ಮೇಜು. ಎಂಟಡಿ ಉದ್ದ, ನಾಲ್ಕಡಿ ಅಗಲ. ಅಂಗೈ ಉಜ್ಜಿ ಉಜ್ಜಿ ಕನ್ನಡಿಯಾಗಿದ್ದ ಹಲಗೆ. ಮನೆಯಲ್ಲಿಟ್ಟರೆ ಅದರ ಮೇಲೆಯೇ ಸಂಸಾರ ಮಾಡಬೇಕು, ಸೌದೆಗೆ ಹಾಕಲು ಮನಸ್ಸು ಒಪ್ಪದು. ಹಳೆಯ ಪೀಠೋಪಕರಣಗಳನ್ನು ಇಸಿದುಕೊಂಡು, ಏನೂ ಇಲ್ಲದ ಮನೆಗಳಿಗೆ ಕೊಡುವ ಒಂದು ಸಂಸ್ಥೆ ಹಳೆಯ ಬಸ್ ಶೆಡ್ಡಿನಲ್ಲಿ ಇದೆಯೆಂದು ಕನ್ನಡಕದವನು ಹೇಳಿದ. ಫೋನು ಮಾಡಿದಳು. ಮರುದಿನವೇ ಒಂದು ಲಾರಿ ಬಂತು. ಅದರಿಂದ ಇಳಿದವರು ಇಬ್ಬರು: ಒಬ್ಬ ಗಟ್ಟಿಮುಟ್ಟಾದ ಡ್ರೈವರು, ಇನ್ನೊಬ್ಬರು ಕಡ್ಡಿಯಂತಿದ್ದ ನಿವೃತ್ತ ಲೆಕ್ಕದ ಮೇಷ್ಟ್ರು. ಸಂಸ್ಥೆಯನ್ನು ಹುಟ್ಟುಹಾಕಿದವರು ಆ ಮೇಷ್ಟ್ರೇ.

ಮೇಜು ಲಾರಿ ಹತ್ತಿತು. ಮೂವತ್ತೊಂದು ವರ್ಷದ ಮೇಜು ಎಲ್ಲಿಗೆ ಹೋಗುತ್ತದೋ ನೋಡಿಯೇ ಬರುತ್ತೇನೆಂದು ಅವಳೂ ಹತ್ತಿದಳು. ದಾರಿಯಲ್ಲಿ ಒಂದು ಮನೆಗೆ ಬಟ್ಟೆ ಬೀರು ಇಳಿಸುವುದಿತ್ತು. ಇಳಿಸಿದರು, ಹೊತ್ತರು, ಬಾಗಿಲಿಗೆ ತಂದರು. ಮೂಗಿಗಿಂತ ಮೂಗುತಿ ದೊಡ್ಡದು. ಅಡ್ಡ ಮಾಡಿದರು, ಉದ್ದ ಮಾಡಿದರು, ತಲೆಕೆಳಗು ಮಾಡಿದರು; ಬೀರು ಒಳಗೆ ಹೋಗಲೊಲ್ಲದು. ಆ ಮನೆಯ ತಾಯಿ, ಬೀರು ಇಡಲೆಂದು ಗುಡಿಸಿ ಒರೆಸಿದ ಮೂಲೆಯ ಪಕ್ಕ ನಿಂತು, ಬಂದ ಬೀರು ಬಂದ ಹಾಗೇ ಲಾರಿ ಹತ್ತುವುದನ್ನು ನೋಡಿದಳು. "ಪರವಾಗಿಲ್ಲ ಬಿಡಿ" ಎಂದಳು. ಆ 'ಪರವಾಗಿಲ್ಲ' ಟೇಪತ್ತೆಗೆ ಸೂಜಿಯ ಹಾಗೆ ಚುಚ್ಚಿತು.

ಲಾರಿ ಹೊರಟ ಮೇಲೆ ಕೇಳಿದಳು: "ಅಲ್ಲ ಮೇಷ್ಟ್ರೇ, ಅಳತೆ ತಗೊಳ್ದೆ ಬಟ್ಟೆಗೆ ಕತ್ತರಿ ಹಾಕ್ತಾರಾ?"

"ಅಂದಾಜು ಮಾಡಿದ್ದೆನಮ್ಮ..."

"ಅಂದಾಜಿಗೆ ಹೊಲಿದ ಅಂಗಿ ಹಾಕ್ಕೊಂಡು ಶಾಲೆಗೆ ಹೋಗ್ತಿದ್ರಾ ನೀವು?"

ಡ್ರೈವರು ನಕ್ಕ ರಭಸಕ್ಕೆ ಲಾರಿ ಒಮ್ಮೆ ಓಲಾಡಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಸೋಮವಾರದಿಂದ ಬರ್ತೀರಾ?" ಎಂದರು.

ಹಾಗೆ ಹೋದವಳು ಹನ್ನೊಂದು ವರ್ಷದಿಂದ ಹೋಗುತ್ತಲೇ ಇದ್ದಳು. ಮೇಜು ಶೆಡ್ಡಿನಲ್ಲಿ ಒಂದು ವಾರವೂ ನಿಲ್ಲಲಿಲ್ಲ. ಐದು ಮಕ್ಕಳ ಒಂದು ಮನೆಗೆ ಹೋಯಿತು. ಹೋಗಿ ನೋಡಿ ಬಂದಳು. ನಾಲ್ಕು ಬದಿಗೆ ನಾಲ್ವರು ಕೂತು ಪಾಠ ಬರೆಯುತ್ತಿದ್ದರು, ಐದನೆಯದು ಮೇಜಿನ ಕೆಳಗೆ ಮಲಗಿ ನಿದ್ದೆ ಹೋಗಿತ್ತು. ಅವತ್ತು ಸಂಜೆ ಅವಳು ಎರಡು ಲೋಟ ಹೆಚ್ಚು ಟೀ ಕುಡಿದಳು.

ಸಾಮಾನು ಹೋಗುವ ಮೊದಲು ಆ ಮನೆಗೆ ಹೋಗುವುದು ಅವಳ ಕೆಲಸ. ಬಾಗಿಲು, ಕೋಣೆ, ಮೆಟ್ಟಿಲು, ತಿರುವು ಎಲ್ಲ ಅಳೆಯಬೇಕು. ಯಾರು ಎಲ್ಲಿ ಮಲಗುತ್ತಾರೆ, ಎಲ್ಲಿ ಕೂತು ಉಣ್ಣುತ್ತಾರೆ ಕೇಳಬೇಕು. ಮೇಷ್ಟ್ರು ಒಂದು ಉಕ್ಕಿನ ಟೇಪು ಕೊಡಿಸಿದ್ದರು. ಅದು ಅವಳ ಚೀಲದಲ್ಲಿ ತುಕ್ಕು ಹಿಡಿಯಿತು. "ಸರ್ರ್ ಅಂತ ಎಳೆದು ಫಟ್ ಅಂತ ಬಿಟ್ರೆ ಮನೆ ಕೆಡವೋಕೆ ಬಂದೋರ ಥರ ಇರುತ್ತೆ. ಬಟ್ಟೆ ಟೇಪು ನೋಡಿದ್ರೆ ಜನ ಹೆದರಲ್ಲ, ಹೊಸ ಅಂಗಿ ಹೊಲಿಸ್ತಿದ್ದಾರೇನೋ ಅನ್ಕೋತಾರೆ" ಎನ್ನುವುದು ಅವಳ ವಾದ. ಐದಡಿಯ ಆ ಟೇಪನ್ನು ಗೋಡೆಯುದ್ದಕ್ಕೆ ಮಗುಚಿ ಮಗುಚಿ ಹಿಡಿಯುವಾಗ ಇನ್ನೊಂದು ತುದಿ ಹಿಡಿಯಲು ಯಾರಾದರೂ ಬೇಕು. ಹಿಡಿದವರು ಮಾತಾಡುತ್ತಾರೆ. ಬೇಕಾದದ್ದನ್ನು ಬಾಯಿಬಿಟ್ಟು ಕೇಳದವರೂ ಟೇಪಿನ ತುದಿ ಹಿಡಿದಾಗ ಹೇಳಿಬಿಡುತ್ತಿದ್ದರು.

ಕೊಡುವವರ ಮೇಲೂ ಅವಳ ಕಣ್ಣು ನೆಟ್ಟಗಿರುತ್ತಿತ್ತು. ಒಮ್ಮೆ ಒಬ್ಬ ದೊಡ್ಡ ಮನುಷ್ಯ ಮೂರು ಕಾಲಿನ ಸೋಫಾ ಕಳಿಸಿದ್ದ. ನಾಲ್ಕನೇ ಕಾಲಿನ ಜಾಗಕ್ಕೆ ಇಟ್ಟಿಗೆ. ಅದನ್ನು ಅದೇ ಲಾರಿಯಲ್ಲಿ ವಾಪಸ್ಸು ಕಳಿಸಿದಳು. ಅವನು ಫೋನಿನಲ್ಲಿ ಕೆಂಡವಾದ. "ದಾನ ಕೊಟ್ಟ ಹಸುವಿನ ಹಲ್ಲು ಎಣಿಸ್ತೀರಲ್ರೀ!"

"ಹಲ್ಲು ಎಣಿಸ್ತಿಲ್ಲ ಸ್ವಾಮಿ, ಕಾಲು ಎಣಿಸ್ತಿದ್ದೀನಿ," ಎಂದಳು ಟೇಪತ್ತೆ. "ನಿಮ್ಮ ಮನೆಗೆ ಬಂದ ನೆಂಟರನ್ನ ಇದರ ಮೇಲೆ ಕೂರಿಸ್ತೀರಾದ್ರೆ ಹೇಳಿ, ಈಗಲೇ ಇಸ್ಕೋತೀನಿ."

ಆ ಮನುಷ್ಯ ತಿಂಗಳಾದ ಮೇಲೆ ನಾಲ್ಕೂ ಕಾಲಿರುವ ಎರಡು ಕುರ್ಚಿ ಕಳಿಸಿದ. ಮಾತು ಮಾತ್ರ ಆಡಲಿಲ್ಲ.

ಹನ್ನೊಂದು ವರ್ಷದಲ್ಲಿ ಅವಳು ಅಳೆದ ಮನೆಗೆ ಹೋದ ಒಂದೇ ಒಂದು ಸಾಮಾನೂ ವಾಪಸ್ಸು ಬಂದಿರಲಿಲ್ಲ. ಇದು ಅವಳ ಹೆಮ್ಮೆ. ಯಾರಾದರೂ ಕೇಳಿದರೆ ಹೇಳುತ್ತಿದ್ದಳು, ಕೇಳದಿದ್ದರೂ ಹೇಳುತ್ತಿದ್ದಳು. ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಮೂರನೇ ಮಹಡಿಯ ಒಂದು ಕೋಣೆಯಲ್ಲಿ.

ಆ ಕೋಣೆಯಲ್ಲಿದ್ದವರು ಮೂವರು: ಎಪ್ಪತ್ತೊಂದು ವರ್ಷದ ಒಬ್ಬ ಅಜ್ಜ, ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುವ ಅವನ ಸೊಸೆ, ಏಳು ವರ್ಷದ ಮೊಮ್ಮಗಳು. ಮಗ ದೂರದಲ್ಲೆಲ್ಲೋ ಅಣೆಕಟ್ಟಿನ ಕೆಲಸದಲ್ಲಿದ್ದ, ಎರಡು ತಿಂಗಳಿಗೊಮ್ಮೆ ಬರುತ್ತಿದ್ದ. ಮೊದಲಿದ್ದ ಮನೆಗೆ ಬೆಂಕಿ ಬಿದ್ದಿತ್ತು. ಜೀವ ಉಳಿದಿತ್ತು, ಚಮಚ ಕೂಡ ಉಳಿದಿರಲಿಲ್ಲ. ಸಂಸ್ಥೆಯಲ್ಲಿ ಹೆಸರು ಬರೆಸಿದವಳು ಸೊಸೆ, ಮಾವನಿಗೆ ಹೇಳಿರಲಿಲ್ಲ.

ಟೇಪತ್ತೆ ಬಾಗಿಲು ತಟ್ಟಿದಾಗ ಅಜ್ಜ ಕವುಚಿದ ಬಕೆಟ್ಟಿನ ಮೇಲೆ ಕೂತಿದ್ದ. ರಾಜ ಸಿಂಹಾಸನದ ಮೇಲೆ ಕೂತ ಹಾಗೆ ಬೆನ್ನು ನೆಟ್ಟಗೆ.

"ನಮಗೇನೂ ಬೇಡಮ್ಮ," ಎಂದ, ಅವಳು ಬಾಯಿ ತೆರೆಯುವ ಮೊದಲೇ. "ನೆಲ ಇದೆ. ನೆಲದಷ್ಟು ಗಟ್ಟಿ ಮಂಚ ಯಾವ ಬಡಗಿ ಮಾಡ್ತಾನೆ?"

"ಮಾವ, ಅವರು ದೂರದಿಂದ ಬಂದಿದ್ದಾರೆ..." ಎಂದಳು ಸೊಸೆ.

"ಬಂದೋರು ಕೂತ್ಕೊಳ್ಳಲಿ. ಕೂತ್ಕೊಳ್ಳೋಕೆ..." ಎಂದು ಸುತ್ತ ನೋಡಿದ ಅಜ್ಜ ಮಾತು ನುಂಗಿದ. ಕೂರಿಸಲು ಇದ್ದದ್ದು ಅವನ ಕೆಳಗಿನ ಬಕೆಟ್ಟು ಒಂದೇ.

ಟೇಪತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊಮ್ಮಗಳು ಟೇಪಿನ ತುದಿ ಹಿಡಿದು ಹೇಳಿಬಿಟ್ಟಳು: "ತಾತ ಮಲಗೋದೇ ಇಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತಾನೆ. ಮಲಗಿದ್ರೆ ಏಳೋಕಾಗಲ್ಲ, ಅಮ್ಮ ಎಬ್ಬಿಸ್ಬೇಕು, ಅದಕ್ಕೆ."

"ಬಾಯಿ ಮುಚ್ಚೇ," ಎಂದ ಅಜ್ಜ. ಅವನ ಕಿವಿ ಕೆಂಪಾಗಿತ್ತು.

ಟೇಪತ್ತೆ ಕೇಳಿಸಿದರೂ ಕೇಳಿಸದ ಹಾಗಿದ್ದಳು. ದರ್ಜಿಯ ಕಣ್ಣಲ್ಲವೇ, ಅದು ಅಷ್ಟರಲ್ಲಿ ಅಜ್ಜನ ಅಳತೆ ತೆಗೆದಾಗಿತ್ತು. "ಅಜ್ಜಾ, ನಿಮ್ಮ ಬಲಗಡೆ ಭುಜ ಎಡಕ್ಕಿಂತ ಒಂದಿಂಚು ಕೆಳಗಿದೆ. ಹುಟ್ಟಿದ್ದು ಹಾಗಲ್ಲ, ದುಡಿದು ಆದದ್ದು. ಏನು ಕೆಲಸ ಮಾಡ್ತಿದ್ರಿ?"

ಅಜ್ಜ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. ಆಮೇಲೆ ಕಟ್ಟೆ ಒಡೆಯಿತು. ಅವನು ಬೋರ್ಡು ಏರಿಸುವವನಾಗಿದ್ದ. ಬಣ್ಣದಲ್ಲಿ ಬರೆದ ಮೂವತ್ತು ನಲವತ್ತಡಿಯ ಜಾಹೀರಾತು ಹಲಗೆಗಳನ್ನು ಹಗ್ಗ, ರಾಟೆ ಕಟ್ಟಿ ಕಟ್ಟಡಗಳ ನೆತ್ತಿಗೆ ಏರಿಸುವ ಕೆಲಸ. ಗಾಳಿ ಬಂದರೆ ಹಲಗೆ ಹಾಯಿಯಾಗುತ್ತದೆ, ಹಗ್ಗ ಹಿಡಿದವನು ಹಕ್ಕಿಯಾಗುತ್ತಾನೆ. ಒಮ್ಮೆ ಒಂದು ಸೋಪಿನ ಜಾಹೀರಾತಿನ ಹೆಂಗಸಿನ ಮೂಗಿಗೆ ಜೋತುಬಿದ್ದು ಅರ್ಧ ಗಂಟೆ ತೂಗಾಡಿದ್ದನಂತೆ. "ಆಮೇಲೆ ಪ್ಲಾಸ್ಟಿಕ್ ಬಟ್ಟೆ ಮೇಲೆ ಅಚ್ಚು ಹಾಕೋಕೆ ಶುರು ಮಾಡಿದ್ರು. ಮಡಚಿ ಕಂಕುಳಲ್ಲಿ ಇಟ್ಕೊಂಡು ಹೋಗ್ತಾರೆ. ಹಗ್ಗಕ್ಕೆ ಏನು ಕೆಲಸ?"

"ನನ್ನದೂ ಅದೇ ಕಥೆ," ಎಂದಳು ಟೇಪತ್ತೆ. ಇಬ್ಬರೂ ಹೊತ್ತು ಹೋದದ್ದು ತಿಳಿಯದೆ ಮಾತಾಡಿದರು. ಏಳುವಾಗ ಹೇಳಿದಳು, "ಒಂದು ಮಂಚ, ಮೂರು ಕುರ್ಚಿ, ಒಂದು ಪುಟ್ಟ ಮೇಜು ಬರುತ್ತೆ."

"ಭಿಕ್ಷೆ ಬೇಡ ಅಂದ್ನಲ್ಲ."

"ಭಿಕ್ಷೆ ಅಂತ ಯಾರಂದ್ರು? ಅಲ್ಲೊಂದು ಮನೆಯಲ್ಲಿ ಕಾಲಿಗೆ ಅಡ್ಡ ಬರ್ತಿರೋದು, ಇಲ್ಲಿ ಕಾಲು ಚಾಚೋಕೆ ಬರುತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆಯೇ ಇಲ್ದೋರು ಕಾಲು ಎಲ್ಲಿಡಬೇಕು ಅಂತ ಗಾದೆ ಮಾಡಿದೋರು ಹೇಳ್ಲಿಲ್ಲ ನೋಡಿ."

ಅಜ್ಜನ ಮೀಸೆಯ ಒಂದು ಬದಿ ಅಲುಗಿತು. "ನೋಡೋಣ," ಎಂದ. ಅವನ ಮಟ್ಟಿಗೆ ಅದು ಒಪ್ಪಿಗೆಯೇ.

ಸಂತೋಷದಲ್ಲಿ ಕೆಳಗಿಳಿದ ಟೇಪತ್ತೆ ಒಂದು ಕೆಲಸ ಮರೆತಳು. ಬಾಗಿಲು ಅಳೆದಿದ್ದಳು, ಕೋಣೆ ಅಳೆದಿದ್ದಳು. ಎರಡನೇ ಮಹಡಿಯಲ್ಲಿ ಮೆಟ್ಟಿಲು ಮೊಣಕೈಯಂತೆ ಮಡಚಿಕೊಳ್ಳುವ ತಿರುವನ್ನು ಅಳೆಯಲಿಲ್ಲ.

ಮಂಚ ಬಂದದ್ದು ಗುರುವಾರ ಬೆಳಿಗ್ಗೆ. ಒಳ್ಳೆಯ ಮಂಚ, ಕೂತು ಏಳಲು ಅನುಕೂಲವಾಗುವ ಎತ್ತರ. ಬಿಚ್ಚಲಾಗದ ಹಾಗೆ ಹಳೆಯ ಕಾಲದ ಬಡಗಿ ಬೆಣೆ ಹೊಡೆದು ಕೂಡಿಸಿದ್ದ. ಡ್ರೈವರು ಮುಂದೆ, ಮೇಷ್ಟ್ರು ಹಿಂದೆ, ಒಂದನೇ ಮಹಡಿ ದಾಟಿದರು. ತಿರುವಿನಲ್ಲಿ ಮಂಚ ಸಿಕ್ಕಿಕೊಂಡಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಕೆಲಸಕ್ಕೆ ಹೊರಟಿದ್ದ ಮೂರನೇ ಮಹಡಿಯ ಟೈಪಿಸ್ಟ್ ಹೆಂಗಸು ಮೇಲೆ ಉಳಿದಳು. ಎರಡನೇ ಮಹಡಿಯ ದಪ್ಪಗಿನ ಗುಮಾಸ್ತ ಏನು ಗಲಾಟೆ ಎಂದು ನೋಡಲು ಬಂದು, ಬಗ್ಗಿ, ಮಂಚದ ಕಾಲುಗಳ ನಡುವೆ ತೂರಿ ಅಲ್ಲೇ ಕೂತುಬಿಟ್ಟ.

"ಕರ್ಣದ ಉದ್ದ ತೆಗೆದ್ರೆ..." ಎಂದು ಮೇಷ್ಟ್ರು ಕೆಳಗಿನಿಂದ ಲೆಕ್ಕ ಶುರುಮಾಡಿದರು.

"ಮೇಷ್ಟ್ರೇ, ಮೊದಲು ಗುಮಾಸ್ತರನ್ನ ತೆಗೀರಿ," ಎಂದ ಡ್ರೈವರು ಮೇಲಿನಿಂದ. ಆಮೇಲೆ ಟೇಪತ್ತೆಯ ಕಡೆ ತಿರುಗಿ, "ಅತ್ತೇ, ಅವತ್ತು ಟೇಪು ಮನೇಲಿ ಬಿಟ್ಟು ಬಂದಿದ್ರಾ?"

ತಮಾಷೆಗೇ ಕೇಳಿದ್ದ. ಆದರೆ ಟೇಪತ್ತೆಯ ಮುಖ ಸುಟ್ಟ ಬದನೆಕಾಯಿಯಾಯಿತು. ಗುಮಾಸ್ತನನ್ನು ಎಳೆದು ತೆಗೆದು, ಮಂಚವನ್ನು ಇಂಚಿಂಚಾಗಿ ಇಳಿಸಿ ಬೀದಿಗೆ ತಂದು ನಿಲ್ಲಿಸುವಷ್ಟರಲ್ಲಿ ಅವಳ ಕಣ್ಣಿನಲ್ಲಿ ನೀರಿತ್ತು. ಅವಳಿಗೆ ಕಾಣುತ್ತಿದ್ದದ್ದು ಮಂಚವಲ್ಲ. ಹನ್ನೊಂದು ವರ್ಷದ ಹಿಂದಿನ ಆ ತಾಯಿ, ಗುಡಿಸಿ ಒರೆಸಿದ ಆ ಮೂಲೆ. ಮೇಲೆ ಕಿಟಕಿಯಲ್ಲಿ ಮೊಮ್ಮಗಳ ಮುಖ ನೋಡುತ್ತಿತ್ತು.

"ತಪ್ಪು ನನ್ನದು," ಎಂದಳು. "ವಾಪಸ್ಸು ಹೇರಿ. ಬಿಚ್ಚಿ ಕೂಡಿಸೋ ಮಂಚ ಸಿಗೋವರೆಗೂ..."

"ಯಾಕೆ ಹೇರೋದು?"

ಎಲ್ಲರೂ ತಿರುಗಿದರು. ಕೆಳಗಿನ ಬಾಗಿಲಲ್ಲಿ ಅಜ್ಜ ನಿಂತಿದ್ದ, ಸೊಸೆಯ ಭುಜ ಹಿಡಿದು. ಆ ಕಟ್ಟಡಕ್ಕೆ ಬಂದ ಎರಡು ತಿಂಗಳಲ್ಲಿ ಅವನು ಕೆಳಗಿಳಿದದ್ದು ಅದೇ ಮೊದಲು. ಮೂರು ಮಹಡಿಯ ಮೆಟ್ಟಿಲುಗಳನ್ನು ಅರ್ಧ ನಿಂತು, ಅರ್ಧ ಕೂತು ಇಳಿದಿದ್ದ. ಪ್ಯಾಂಟಿನ ಹಿಂಭಾಗಕ್ಕೆಲ್ಲ ಧೂಳು. ಮಂಚದ ಹಲಗೆಯನ್ನು ಒಮ್ಮೆ ತಟ್ಟಿದ. ತಲೆಯೆತ್ತಿ ತನ್ನ ಕಿಟಕಿ ನೋಡಿದ. ಅದರ ಮೇಲೆ, ತಾರಸಿಯ ಅಂಚಿನಿಂದ ಚಾಚಿದ್ದ ಕಬ್ಬಿಣದ ತೊಲೆ ನೋಡಿದ.

"ಹಗ್ಗ ಇದೆಯಾ ಲಾರಿಯಲ್ಲಿ?"

"ಇದೆ," ಎಂದ ಡ್ರೈವರು.

"ಒಂದು ಕುರ್ಚಿ ಇಳಿಸಿ. ನಾನು ನಿಂತು ಕೂಗೋಕಾಗಲ್ಲ."

ಬೀದಿಯ ನಡುವೆ ಕುರ್ಚಿ ಹಾಕಿಸಿಕೊಂಡು ಅಜ್ಜ ಕೂತ. ಆಮೇಲೆ ನಡೆದದ್ದನ್ನು ಆ ಬೀದಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಎದುರಿನ ಸೈಕಲ್ ಅಂಗಡಿಯಿಂದ ರಾಟೆ ಬಂತು, ಡ್ರೈವರು ತಾರಸಿಗೆ ಹೋಗಿ ಅದನ್ನು ತೊಲೆಗೆ ಸಿಕ್ಕಿಸಿದ. ಕಿಟಕಿಯ ಬಾಗಿಲುಗಳನ್ನು ಸ್ಕ್ರೂ ಸಮೇತ ಬಿಚ್ಚಿದರು. ಟೇಪತ್ತೆ ಓಡಿ ಮೇಲೆ ಹೋಗಿ ಕಿಟಕಿ ಅಳೆದಳು, ಓಡಿ ಕೆಳಗೆ ಬಂದು ಮಂಚ ಅಳೆದಳು, ನಂಬದೆ ಮತ್ತೆ ಮೇಲೆ ಹೋದಳು. ಮಂಚವನ್ನು ಅಡ್ಡ ಮಗ್ಗುಲಾಗಿ ತೂರಿಸಿದರೆ ಒಂದೂವರೆ ಇಂಚು ಮಿಗುತ್ತಿತ್ತು.

"ಒಂದೂವರೆಯಾ? ಒಂದೂವರೆ ಇಂಚಿದ್ರೆ ನಾನು ಆನೆ ತೂರಿಸ್ತೀನಿ," ಎಂದ ಅಜ್ಜ.

ಗಂಟುಗಳನ್ನು ಅವನೇ ಹಾಕಿದ. ಒಂದೊಂದನ್ನೂ ಎರಡೆರಡು ಸಲ ಜಗ್ಗಿ ನೋಡಿದ. ಹಗ್ಗ ಎಳೆಯಲು ಡ್ರೈವರು, ಗುಮಾಸ್ತ, ಸೈಕಲ್ ಅಂಗಡಿಯವನು ಸಾಲಾಗಿ ನಿಂತರು. ಇನ್ನೂ ಇಬ್ಬರು ಬೇಕೆಂದಾಗ ಪಕ್ಕದ ಕ್ಷೌರದ ಅಂಗಡಿಯಿಂದ ಕ್ಷೌರಿಕ ಬಂದ. ಅವನ ಹಿಂದೆ, ಒಂದು ಕೆನ್ನೆ ಬೋಳಿಸಿ ಒಂದು ಕೆನ್ನೆಗೆ ನೊರೆ ಇದ್ದ ಗಿರಾಕಿಯೂ ಬಂದ. "ನೀವು ಎಳೀತಾ ಕೂತ್ರೆ ನಾನು ಈ ಅವತಾರದಲ್ಲಿ ಎಷ್ಟು ಹೊತ್ತು ಕಾಯಲಿ?" ಎಂದು ಅವನೂ ಹಗ್ಗ ಹಿಡಿದ.

"ಎಳೀರೀ... ನಿಲ್ಲಿ! ಉಸಿರು ಬಿಡಿ, ಹಗ್ಗ ಬಿಡಬೇಡಿ! ಎಳೀರೀ..."

ಎಷ್ಟೋ ವರ್ಷದಿಂದ ಹೊರಗೆ ಬರದಿದ್ದ ದನಿ ಅದು. ಬೀದಿಯ ಆ ತುದಿಯವರೆಗೂ ಕೇಳಿಸಿತು. ಮಂಚ ನೆಲ ಬಿಟ್ಟಿತು, ಒಂದನೇ ಮಹಡಿ ದಾಟಿತು. ಎರಡನೇ ಮಹಡಿಯ ಹತ್ತಿರ ಯಾರದೋ ಒಣಹಾಕಿದ ಬಟ್ಟೆಯ ತಂತಿಗೆ ಅದರ ಕಾಲು ತಗುಲಿ, ಪಟ್ಟೆ ಪಟ್ಟೆಯ ಒಂದು ಪೈಜಾಮ ಕಿತ್ತುಕೊಂಡು ಮಂಚದ ಜೊತೆಗೇ ಮೇಲೇರಿತು.

"ಅಯ್ಯೋ ನನ್ನ ಪೈಜಾಮ!" ಹಗ್ಗ ಹಿಡಿದಿದ್ದ ಗುಮಾಸ್ತ ಚೀರಿದ.

"ಹಗ್ಗ ಬಿಟ್ಟೀರಿ ಜೋಕೆ! ಪೈಜಾಮ ಎಲ್ಲೂ ಓಡಿಹೋಗಲ್ಲ, ಕಾಲಿಲ್ಲ ಅದರೊಳಗೆ!" ಎಂದ ಅಜ್ಜ. ನಗುವಿಗೆ ಹಗ್ಗ ಹಿಡಿದವರ ಕೈ ಸಡಿಲಾಗಿ ಮಂಚ ಒಂದಡಿ ಜಾರಿತು. "ನಗೋದು ಆಮೇಲೆ!" ಎಂದು ಗದರಿದವನೂ ಅವನೇ.

ಕಿಟಕಿಯಲ್ಲಿ ಟೇಪತ್ತೆ, ಮೇಷ್ಟ್ರು, ಸೊಸೆ, ಕೆಲಸಕ್ಕೆ ಹೇಗೂ ತಡವಾಯಿತೆಂದು ಉಳಿದಿದ್ದ ಟೈಪಿಸ್ಟ್ ಹೆಂಗಸು ಮಂಚದ ಕಾಲು ಹಿಡಿದರು. ತಿರುಗಿಸಿದರು, ತೂರಿಸಿದರು. ಚೌಕಟ್ಟಿಗೆ ಒಂದು ಗೀರೂ ಬೀಳದೆ ಮಂಚ ಒಳಗೆ ಬಂತು. ಬೀದಿಯಲ್ಲಿ ಚಪ್ಪಾಳೆ ಬಿತ್ತು. ಮೊಮ್ಮಗಳು ಪೈಜಾಮವನ್ನು ಕಿಟಕಿಯಿಂದ ಬಾವುಟದ ಹಾಗೆ ಬೀಸಿದಳು.

ಇನ್ನು ಅಜ್ಜನನ್ನು ಮೇಲೇರಿಸಬೇಕು. ಅವನನ್ನೂ ಹಗ್ಗ ಕಟ್ಟಿ ಎಳೆಯೋಣವೇ ಎಂದು ನೊರೆಯ ಗಿರಾಕಿ ಕೇಳಿದ. ಟೇಪತ್ತೆ ಬೇರೆ ದಾರಿ ಹುಡುಕಿದಳು. ಅವನ ಮೂರು ಕುರ್ಚಿಗಳಲ್ಲಿ ಎರಡನ್ನು ಒಂದನೇ, ಎರಡನೇ ಮಹಡಿಯಲ್ಲಿ ಒಂದೊಂದು ಇಟ್ಟಳು. ಅಜ್ಜ ಒಂದು ಮಹಡಿ ಹತ್ತಿದ, ಕೂತ, ಸುಧಾರಿಸಿಕೊಂಡ. ಇನ್ನೊಂದು ಹತ್ತಿದ, ಕೂತ. ಎರಡನೇ ಕುರ್ಚಿಯಲ್ಲಿ ಕೂತಾಗ ಪಕ್ಕದಲ್ಲಿ ನಿಂತಿದ್ದ ಟೇಪತ್ತೆಗೆ ಹೇಳಿದ: "ನೀನು ತಿರುವು ಅಳೆದಿದ್ರೆ ನಾನು ಇವತ್ತೂ ಆ ಕೋಣೆಯಲ್ಲೇ ಕೂತಿರ್ತಿದ್ದೆ."

ಟೇಪತ್ತೆ ಟೇಪನ್ನು ಕೊರಳಿನಿಂದ ತೆಗೆದು ಸುರುಳಿ ಸುತ್ತಿದಳು, ಬಿಚ್ಚಿ ಮತ್ತೆ ಸುತ್ತಿದಳು.

ಮಧ್ಯಾಹ್ನ ಎರಡು ಗಂಟೆಗೆ ಕಿಟಕಿಯ ಬಾಗಿಲು ಮರಳಿ ಕೂಡಿಸಲು ಡ್ರೈವರು ಮೇಲೆ ಹೋದಾಗ ಮೊಮ್ಮಗಳು ತುಟಿಯ ಮೇಲೆ ಬೆರಳಿಟ್ಟು ತಡೆದಳು. ಅಜ್ಜ ಉದ್ದಕ್ಕೆ ಕಾಲು ಚಾಚಿ ಮಲಗಿದ್ದ, ಬಾಯಿ ತೆರೆದು, ಗರಗಸದ ಗೊರಕೆಯಲ್ಲಿ. ಬಾಗಿಲನ್ನು ಮರುದಿನ ಕೂಡಿಸಿದರು.

ಆ ಎರಡು ಕುರ್ಚಿಗಳನ್ನು ಸೊಸೆ ಒಳಗೆ ತರಹೋದಾಗ ಕಟ್ಟಡದವರೇ ಬೇಡವೆಂದರು. ಗುಮಾಸ್ತನಿಗೂ ಏದುಸಿರು ಬರುತ್ತಿತ್ತಂತೆ. ಟೈಪಿಸ್ಟ್ ಹೆಂಗಸಿಗೆ ಸಾಮಾನಿನ ಚೀಲ ಇಡಲು ಜಾಗ ಬೇಕಿತ್ತಂತೆ. ಸಂಸ್ಥೆಯಿಂದ ಬೇರೆ ಎರಡು ಕುರ್ಚಿ ಮನೆಯೊಳಗೆ ಬಂದವು. ಮೆಟ್ಟಿಲ ಕುರ್ಚಿಗಳ ಆಸರೆಯಲ್ಲಿ ಅಜ್ಜ ದಿನಕ್ಕೊಮ್ಮೆ ಬೀದಿಗೆ ಇಳಿಯತೊಡಗಿದ, ಸೈಕಲ್ ಅಂಗಡಿಯಲ್ಲಿ ಕೂತು ಎಲ್ಲರ ಗಂಟುಗಳಲ್ಲೂ ತಪ್ಪು ಹುಡುಕತೊಡಗಿದ.

ಒಂಬತ್ತು ದಿನ ಕಳೆದ ಮೇಲೆ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಸೈಕಲ್ ಅಂಗಡಿಯವನ ಗಾಡಿಯಲ್ಲಿ ಕೂತು ಶೆಡ್ಡಿಗೇ ಬಂದ. "ಕಿಟಕಿಯಿಂದ ಏರಿಸೋ ಸಾಮಾನು ಇದೆಯಾ?" ಎಂದು ಕೇಳಿದ. ಮೇಷ್ಟ್ರು ನಕ್ಕು, ಮೆಟ್ಟಿಲು ಚಿಕ್ಕದೆಂದು ವರ್ಷದಿಂದ ಮುಂದಕ್ಕೆ ಹಾಕಿದ್ದ ಏಳು ಮನೆಗಳ ಪಟ್ಟಿ ತೆಗೆದರು. ಆ ಏಳೂ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ ಮಂಚ, ಬೀರು, ಮೇಜು ಏರಿದವು. ಆರನೆಯದರಲ್ಲಿ ಒಂದು ಹೂಕುಂಡ ಒಡೆಯಿತು. ಅದನ್ನು ಬಿಟ್ಟರೆ ಅಪಾಯವೇನೂ ಆಗಲಿಲ್ಲ.

ಈಗ ಲಾರಿಯ ಮುಂದಿನ ಸೀಟಿನಲ್ಲಿ ಮೂವರು. ಮೇಷ್ಟ್ರಿಗೆ ಹಿಂದೆ ಸಾಮಾನಿನ ಜೊತೆ ಜಾಗ; ಯಾವುದಾದರೂ ಸೋಫಾ ಇದ್ದರೆ ಅವರಿಗೆ ಅದೇ ಖುಷಿ. ಟೇಪತ್ತೆ ಅಳೆದು ಹೇಳುತ್ತಾಳೆ, ಅಜ್ಜ ಕಣ್ಣಲ್ಲೇ ನೋಡಿ ಹೇಳುತ್ತಾನೆ. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹಿಡಿಸದು.

ಮೊನ್ನೆ, ಹೊಸದಾಗಿ ಮಗುವಾಗಿದ್ದ ಒಂದು ಜೋಡಿಗೆ ತೊಟ್ಟಿಲು, ಬೀರು ಒಯ್ಯುವಾಗ ದಾರಿಯುದ್ದಕ್ಕೂ ಇದೇ ಜಗಳ.

"ಕಿಟಕಿ ನಲವತ್ತಾರು ಇಂಚು," ಎಂದಳು ಅವಳು.

"ನಲವತ್ತೈದೂವರೆ," ಎಂದ ಅವನು. "ಬೀದಿಯಿಂದಲೇ ನೋಡಿದ್ದೀನಿ."

"ನನ್ನ ಟೇಪು ಸುಳ್ಳು ಹೇಳುತ್ತಾ?"

"ಎಷ್ಟು ವರ್ಷದ ಟೇಪು ಅದು? ಎಳೆದೂ ಎಳೆದೂ ಉದ್ದ ಆಗಿದೆ."

ಡ್ರೈವರು ಲಾರಿಯನ್ನು ಬದಿಗೆ ನಿಲ್ಲಿಸಿ ಇಳಿದ. ಎಲ್ಲಿಗೆ ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

"ಟೀ ಕುಡಿದು ಬರ್ತೀನಿ," ಎಂದ. "ಆ ಅರ್ಧ ಇಂಚು ಮುಗಿದ ಮೇಲೆ ಹಾರ್ನ್ ಹೊಡೀರಿ."